ಸೋಂಕಾದ ಹಲ್ಲಿಗೆ ರೂಟ್ ಕೆನಾಲ್: ನೋವು ಮತ್ತು ಅರಿವಳಿಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ರೂಟ್ ಕೆನಾಲ್ ಎಂದೊಡನೆ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವ ಪ್ರಶ್ನೆ ಒಂದೇ: ಇಂಜೆಕ್ಷನ್ ಹಿಡಿಯದೆ ಹೋದರೆ? ಈ ಅನುಮಾನಕ್ಕೆ ಆಧಾರವಿದೆ. ಉರಿಯೂತ ಜೋರಾಗಿರುವ ಕೆಲವು ಹಲ್ಲುಗಳಲ್ಲಿ ಮೊದಲ ಇಂಜೆಕ್ಷನ್ ಸಾಲುವುದಿಲ್ಲ. ದಂತವೈದ್ಯರಿಗೆ ಇದು ಗೊತ್ತಿರುವ ವಿಷಯ, ಇದಕ್ಕೆ ಮುಂದಿನ ದಾರಿಗಳೂ ಇವೆ. ಎಲ್ಲವನ್ನೂ ರೋಗಿಗೆ ಮೊದಲೇ ವಿವರಿಸುವಷ್ಟು ಸಮಯ ಬಹುಪಾಲು ಕ್ಲಿನಿಕ್‌ಗಳಲ್ಲಿ ಸಿಗುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆದಿದ್ದೇನೆ.

ರೂಟ್ ಕೆನಾಲ್ ಮಾಡುವಾಗ ನೋವಾಗುತ್ತದೆಯೇ?

ಅರಿವಳಿಕೆ ಸರಿಯಾಗಿ ಹಿಡಿದಿದ್ದರೆ ಚುಚ್ಚುವಂಥ, ಚಳುಕು ಹೊಡೆಯುವಂಥ ನೋವು ಇರಬಾರದು. ಒತ್ತಿದಂತೆ, ಅಲುಗಿಸಿದಂತೆ ಅನ್ನಿಸುವುದು, ಯಂತ್ರದ ಕಂಪನ, ಬಾಯಿ ತೆರೆದೇ ಇಟ್ಟುಕೊಂಡ ದವಡೆಯ ದಣಿವು ಮಾತ್ರ ಇದ್ದೇ ಇರುತ್ತವೆ. ಮದ್ದು ನೋವನ್ನು ಹೊತ್ತೊಯ್ಯುವ ತೆಳು ನರತಂತುಗಳನ್ನು ಬೇಗ ಸುಮ್ಮನಾಗಿಸುತ್ತದೆ. ಒತ್ತಡವನ್ನು ತಿಳಿಸುವ ದಪ್ಪ ತಂತುಗಳು ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಹಾಗಾಗಿ ಏನೋ ತಗುಲಿದ ಅರಿವಾಯಿತೆಂದ ಮಾತ್ರಕ್ಕೆ ಅರಿವಳಿಕೆ ಸೋತಿದೆ ಎಂದಲ್ಲ. ತಗುಲಿದ್ದು ನೋಯಿಸಿತೇ ಎಂಬುದನ್ನು ಗಮನಿಸಿ. ನೋಯಿಸಿದರೆ ಕೈ ಎತ್ತಿ.

ಹಲ್ಲಿಗೆ ಸೋಂಕಾಗಿದೆ ಎಂದರು. ಒಳಗೆ ನಿಜಕ್ಕೂ ಏನಾಗಿರುತ್ತದೆ?

ಒಂದೇ ಮಾತಿನ ಹಿಂದೆ ಎರಡು ಬೇರೆ ಬೇರೆ ಸ್ಥಿತಿಗಳಿವೆ. ಅರಿವಳಿಕೆಯ ದೃಷ್ಟಿಯಿಂದ ಅವೆರಡೂ ಒಂದಕ್ಕೊಂದು ತೀರಾ ಭಿನ್ನ.

ಮೊದಲನೆಯದರಲ್ಲಿ ಹಲ್ಲಿನ ಒಳಗಿನ ತಿರುಳು, ಅಂದರೆ ನರ ಮತ್ತು ರಕ್ತನಾಳಗಳಿರುವ ಮೃದು ಭಾಗ, ಇನ್ನೂ ಜೀವಂತವಾಗಿರುತ್ತದೆ. ಹುಳುಕಿನ ಬ್ಯಾಕ್ಟೀರಿಯಾಗಳು ಹತ್ತಿರ ಬಂದು ಅದು ಉರಿಯೂತಕ್ಕೆ ಒಳಗಾಗಿರುತ್ತದೆ. ತಣ್ಣೀರು ತಗುಲಿದರೆ ನಿಮಿಷಗಟ್ಟಲೆ ನೋವು, ಬಿಸಿ ತಗುಲಿದರೆ ಇನ್ನೂ ಹೆಚ್ಚು, ರಾತ್ರಿ ಮಲಗಿದೊಡನೆ ನಾಡಿ ಬಡಿದಂತೆ ಬಡಿತ. ಸುತ್ತಲೂ ಗಟ್ಟಿ ಗೋಡೆಯಿರುವುದರಿಂದ ತಿರುಳಿಗೆ ಊದಿಕೊಳ್ಳಲು ಜಾಗವಿಲ್ಲ, ಒತ್ತಡ ಏರುತ್ತದೆ. ಮರಳಿ ಸರಿಹೋಗದ ಈ ಹಂತವನ್ನು ವೈದ್ಯರು ಪಲ್ಪೈಟಿಸ್ ಎನ್ನುತ್ತಾರೆ. ಅರಿವಳಿಕೆಗೆ ಹೆಚ್ಚು ಸತಾಯಿಸುವುದು ಇದೇ.

ಎರಡನೆಯದರಲ್ಲಿ ತಿರುಳು ಸತ್ತಿರುತ್ತದೆ. ಬೇರಿನ ಕಾಲುವೆಗಳಲ್ಲಿ ಬ್ಯಾಕ್ಟೀರಿಯಾ ತುಂಬಿ, ಬೇರಿನ ತುದಿಯಲ್ಲಿ ಮೂಳೆ ಸವೆದು, ಕೆಲವೊಮ್ಮೆ ಕೀವು ಕಟ್ಟಿರುತ್ತದೆ. ತಣ್ಣೀರಿಗೆ ಹಲ್ಲು ಸ್ಪಂದಿಸುವುದಿಲ್ಲ, ಕಚ್ಚಿದರೆ ನೋಯುತ್ತದೆ, ಹಲ್ಲು ಉಳಿದವುಗಳಿಗಿಂತ ಉದ್ದವಾದಂತೆ ಭಾಸವಾಗುತ್ತದೆ. ವಸಡಿನ ಮೇಲೆ ಗುಳ್ಳೆಯೆದ್ದು ಕೀವು ತಾನಾಗಿಯೇ ಹರಿದುಹೋಗುತ್ತಿದ್ದರೆ ನೋವೇ ಇಲ್ಲದಿರಬಹುದು.

ನರ ಸತ್ತೇ ಹೋಗಿದೆ ಎಂದಮೇಲೆ ಇಂಜೆಕ್ಷನ್ ಏಕೆ?

ಹಲ್ಲಿನ ಒಳಗೆ ಜೀವವಿಲ್ಲದಿದ್ದರೂ ಬೇರನ್ನು ಮೂಳೆಗೆ ಹಿಡಿದಿಟ್ಟಿರುವ ತಂತುಪದರ, ಮೂಳೆ, ವಸಡು ಎಲ್ಲವೂ ಜೀವಂತ. ಕಾಲುವೆಯನ್ನು ಕೆರೆದು ಶುಚಿಮಾಡುವ ಸಪೂರ ಫೈಲು ಬೇರಿನ ತುದಿಯ ಹತ್ತಿರ ಹೋದಾಗ, ರಬ್ಬರ್ ಡ್ಯಾಮ್‌ನ, ಅಂದರೆ ಹಲ್ಲಿನ ಸುತ್ತ ಹೊದಿಸುವ ರಬ್ಬರ್ ಹಾಳೆಯ, ಕ್ಲಿಪ್ಪು ವಸಡನ್ನು ಒತ್ತಿದಾಗ ನೋವಾಗಬಹುದು. ಇನ್ನೊಂದು ಕಾರಣವೂ ಇದೆ. ದವಡೆಹಲ್ಲಿಗೆ ಮೂರು ನಾಲ್ಕು ಕಾಲುವೆಗಳಿರುತ್ತವೆ. ಎರಡರಲ್ಲಿ ತಿರುಳು ಸತ್ತು ಮೂರನೆಯದರಲ್ಲಿ ಉಸಿರಾಡುತ್ತಿರುವುದು ಅಪರೂಪವೇನಲ್ಲ. ‘ಸತ್ತ ಹಲ್ಲು ತಾನೇ’ ಎಂದು ಇಂಜೆಕ್ಷನ್ ಇಲ್ಲದೆ ಶುರುಮಾಡಿದರೆ ಆ ಮೂರನೆಯ ಕಾಲುವೆ ಚೆನ್ನಾಗಿಯೇ ಉತ್ತರ ಕೊಡುತ್ತದೆ.

ಸೋಂಕಿರುವ ಹಲ್ಲಿಗೆ ಅರಿವಳಿಕೆ ಹಿಡಿಯುವುದೇ ಇಲ್ಲ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಹಿಡಿಯುವುದು ಕಷ್ಟವಾಗಬಹುದು, ಆದರೆ ಹಿಡಿಸಲು ಸಾಧ್ಯ. ಕಷ್ಟಕ್ಕೆ ಕಾರಣ ಒಂದಲ್ಲ, ಹಲವು.

ಎಲ್ಲರೂ ಹೇಳುವ ಕಾರಣ ಆಮ್ಲೀಯತೆ. ಮರಗಟ್ಟಿಸಲು ಸಾಮಾನ್ಯವಾಗಿ ಬಳಸುವ ಮದ್ದಾದ ಲಿಡೋಕೇನ್, ಅಂದರೆ ಲಿಗ್ನೋಕೇನ್, ದೇಹದಲ್ಲಿ ಎರಡು ರೂಪದಲ್ಲಿರುತ್ತದೆ: ವಿದ್ಯುದಾವೇಶ ಇರುವುದು, ಇಲ್ಲದಿರುವುದು. ನರದ ಪೊರೆಯನ್ನು ದಾಟಿ ಒಳಹೋಗುವುದು ಆವೇಶವಿಲ್ಲದ ರೂಪ. ಆರೋಗ್ಯವಂತ ಅಂಗಾಂಶದ ಪಿಎಚ್ 7.4ರಷ್ಟು ಇದ್ದಾಗ ಮದ್ದಿನ ಸುಮಾರು ಕಾಲು ಭಾಗ ಈ ರೂಪದಲ್ಲಿರುತ್ತದೆ. ಕೀವಿರುವ ಜಾಗದಲ್ಲಿ ಆಮ್ಲೀಯತೆ ಹೆಚ್ಚಿ ಪಿಎಚ್ 6.4ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ, ಆ ಪಾಲು ಶೇ 3ರ ಆಸುಪಾಸಿಗೆ ಕುಸಿಯುತ್ತದೆ. ಮದ್ದು ಅಷ್ಟೇ ಇದ್ದರೂ ಒಳಗೆ ಹೋಗುವುದು ಕಡಿಮೆ. ಜೊತೆಗೆ, ಉರಿಯೂತದ ಜಾಗದಲ್ಲಿ ರಕ್ತದ ಹರಿವು ಹೆಚ್ಚಿರುವುದರಿಂದ ಮದ್ದು ಬೇಗ ತೊಳೆದುಹೋಗುತ್ತದೆ.

ಆದರೆ ಈ ವಿವರಣೆ ಒಂದು ಕಡೆ ಎಡವುತ್ತದೆ. ಕೆಳದವಡೆಯ ದವಡೆಹಲ್ಲಿಗೆ ಇಂಜೆಕ್ಷನ್ ಕೊಡುವುದು ಸೋಂಕಿನಿಂದ ಸಾಕಷ್ಟು ದೂರದಲ್ಲಿ, ದವಡೆಯ ಹಿಂಭಾಗದಲ್ಲಿ ನರವು ಮೂಳೆಯೊಳಗೆ ಪ್ರವೇಶಿಸುವ ಮುನ್ನ. ಅಲ್ಲಿ ಕೀವೂ ಇಲ್ಲ, ಆಮ್ಲವೂ ಇಲ್ಲ. ಆದರೂ ಉರಿಯೂತವಿರುವ ಹಲ್ಲಿನಲ್ಲಿ ಈ ಒಂದೇ ಇಂಜೆಕ್ಷನ್ ಸಾಲದೆ ಹೋಗುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಏಕೆ?

ಏಕೆಂದರೆ ನರವೇ ಬದಲಾಗಿರುತ್ತದೆ. ನರದಲ್ಲಿ ಸೋಡಿಯಂ ಹಾದುಹೋಗುವ ಸೂಕ್ಷ್ಮ ಬಾಗಿಲುಗಳಿವೆ, ಅವನ್ನು ಮುಚ್ಚುವುದೇ ಲಿಡೋಕೇನ್‌ನ ಕೆಲಸ. ಈ ಬಾಗಿಲುಗಳಲ್ಲಿ ಹಲವು ಬಗೆ. ಕೆಲವು ಬಗೆಯವು ಟೆಟ್ರೋಡೋಟಾಕ್ಸಿನ್ ಎಂಬ ಪಫರ್ ಮೀನಿನ ಭಯಂಕರ ವಿಷಕ್ಕೂ ಜಗ್ಗುವುದಿಲ್ಲ, ಲಿಡೋಕೇನ್‌ಗಂತೂ ಸುಲಭಕ್ಕೆ ಮಣಿಯುವುದಿಲ್ಲ. ಉರಿಯೂತವಿರುವ ತಿರುಳಿನಲ್ಲಿ ಇಂಥವುಗಳ ಸಂಖ್ಯೆ ಹೆಚ್ಚುತ್ತದೆ. ಪ್ರೋಸ್ಟಾಗ್ಲಾಂಡಿನ್‌ನಂಥ ರಾಸಾಯನಿಕಗಳು ನರತುದಿಗಳನ್ನು ಕೆರಳಿಸಿಟ್ಟು, ಸಣ್ಣ ಪ್ರಚೋದನೆಗೂ ಅವು ಕೂಗುವಂತೆ ಮಾಡುತ್ತವೆ. ದಿನಗಟ್ಟಲೆ ನೋವುಂಡ ಮೇಲೆ ಮಿದುಳು ಮತ್ತು ಮಿದುಳಕಾಂಡದ ನರಕೋಶಗಳೂ ಸೂಕ್ಷ್ಮವಾಗಿಬಿಡುತ್ತವೆ. ಮೂರು ರಾತ್ರಿ ನಿದ್ದೆಯಿಲ್ಲದೆ, ಹೆದರಿಕೊಂಡು ಬಂದವರಲ್ಲಿ ನೋವಿನ ಮಿತಿ ಕೆಳಗಿಳಿದಿರುವುದು ಸಹಜ.

ಕೊನೆಯದಾಗಿ ಅಂಗರಚನೆ. ಕೆಳಗಿನ ದವಡೆಹಲ್ಲುಗಳಿಗೆ ಮುಖ್ಯ ನರದ ಜೊತೆಗೆ ಬೇರೆ ಸಣ್ಣ ಕವಲುಗಳೂ ಸಂವೇದನೆ ಕೊಡಬಹುದು. ಮೈಲೋಹಯಾಯ್ಡ್ ನರ ಇದಕ್ಕೆ ಹೆಸರಾದದ್ದು. ಮುಖ್ಯ ದಾರಿ ಮುಚ್ಚಿದರೂ ಅಡ್ಡದಾರಿಯಲ್ಲಿ ಸಂದೇಶ ಹೋಗುತ್ತಿರುತ್ತದೆ.

ತುಟಿಯೆಲ್ಲ ಮರಗಟ್ಟಿದೆ, ಆದರೂ ಹಲ್ಲು ನೋಯುತ್ತಿದೆ. ಇದು ನನ್ನ ಭ್ರಮೆಯೇ?

ಖಂಡಿತ ಅಲ್ಲ. ತುಟಿ ಮರಗಟ್ಟಿದೆ ಎಂದರೆ ಮದ್ದು ಸರಿಯಾದ ಜಾಗಕ್ಕೆ ಬಿದ್ದಿದೆ ಎಂದಷ್ಟೇ ಅರ್ಥ. ಹಲ್ಲಿನ ತಿರುಳು ಮರಗಟ್ಟಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ತುಟಿಗೆ ಐದಾರು ನಿಮಿಷದಲ್ಲಿ ಜೋಮು ಬರಬಹುದು, ತಿರುಳಿಗೆ ಹದಿನೈದು ನಿಮಿಷ ಬೇಕಾಗಬಹುದು, ಕೆಲವರಲ್ಲಿ ಅದಕ್ಕೂ ಹೆಚ್ಚು. ‘ತುಟಿ ದಪ್ಪ ಅನ್ನಿಸುತ್ತಿದೆಯಾ? ಹಾಗಾದರೆ ಶುರುಮಾಡೋಣ’ ಎನ್ನುವ ಅವಸರದ ಕ್ರಮ ನನಗೆ ಒಪ್ಪಿಗೆಯಿಲ್ಲ. ನೋವಿನ ಕಥೆಗಳಲ್ಲಿ ಎಷ್ಟೋ ಹುಟ್ಟುವುದು ಈ ಹತ್ತು ನಿಮಿಷಗಳ ಉಳಿತಾಯದಿಂದ.

ಕೊರೆಯುವ ಮೊದಲೇ ಪರೀಕ್ಷಿಸಿ ನೋಡಬಹುದೇ?

ನೋಡಬಹುದು, ನೋಡಲೇಬೇಕು. ಹತ್ತಿಯುಂಡೆಗೆ ತಣ್ಣನೆಯ ಸ್ಪ್ರೇ ಹಾಕಿ ಹಲ್ಲಿಗೆ ಮುಟ್ಟಿಸುತ್ತಾರೆ. ಇಂಜೆಕ್ಷನ್‌ಗೆ ಮುನ್ನ ಜಿಲ್ಲೆನ್ನುತ್ತಿದ್ದ ಹಲ್ಲು ಈಗ ಸುಮ್ಮನಿದ್ದರೆ ಒಳ್ಳೆಯ ಸೂಚನೆ. ಸಣ್ಣ ವಿದ್ಯುತ್ ಪ್ರವಾಹ ಹಾಯಿಸಿ ನೋಡುವ ಉಪಕರಣವೂ ಇದೆ. ಎರಡೂ ನೂರಕ್ಕೆ ನೂರು ಖಾತರಿ ಕೊಡುವುದಿಲ್ಲ, ಉರಿಯೂತ ತೀವ್ರವಾಗಿದ್ದರೆ ತಂಪಿಗೆ ಸ್ಪಂದಿಸದ ಹಲ್ಲೂ ಕೊರೆಯುವಾಗ ನೋಯಬಹುದು. ಆದರೂ ಪರೀಕ್ಷಿಸದೆ ಕೊರೆಯುವುದಕ್ಕಿಂತ ಇದು ಎಷ್ಟೋ ಮೇಲು. ನೀವೇ ಕೇಳಿ: ‘ಶುರುಮಾಡುವ ಮೊದಲು ಒಮ್ಮೆ ತಂಪು ಮುಟ್ಟಿಸಿ ನೋಡುತ್ತೀರಾ?’ ಈ ಪ್ರಶ್ನೆಗೆ ಸಿಡುಕುವ ವೈದ್ಯರು ಕಡಿಮೆ.

ಮೊದಲ ಇಂಜೆಕ್ಷನ್ ಸಾಲದಿದ್ದರೆ ಮುಂದೇನು ಮಾಡುತ್ತಾರೆ?

ಹಲವು ಮೆಟ್ಟಿಲುಗಳಿವೆ. ಯಾವುದು ಮೊದಲು ಎಂಬುದು ಹಲ್ಲನ್ನೂ ವೈದ್ಯರ ಕೈಪಳಗನ್ನೂ ಅವಲಂಬಿಸುತ್ತದೆ.

ತುಟಿಯೂ ಮರಗಟ್ಟಿಲ್ಲವೆಂದರೆ ಅದೇ ಇಂಜೆಕ್ಷನ್ ಮತ್ತೊಮ್ಮೆ ಕೊಡುತ್ತಾರೆ, ಅಥವಾ ನರವನ್ನು ಇನ್ನೂ ಮೇಲೆ ತಡೆಯುವ ವಿಧಾನ ಬಳಸುತ್ತಾರೆ. ಗೋ-ಗೇಟ್ಸ್ ವಿಧಾನ 1973ರಲ್ಲಿ ವಿವರಿಸಲ್ಪಟ್ಟದ್ದು. ಬಾಯಿ ತೆರೆಯಲು ಆಗದಷ್ಟು ದವಡೆ ಬಿಗಿದುಕೊಂಡವರಿಗೆ ಬಾಯಿ ಮುಚ್ಚಿದಂತೆಯೇ ಕೊಡಬಹುದಾದ ಅಕಿನೋಸಿ ವಿಧಾನ 1977ರದ್ದು.

ತುಟಿ ಮರಗಟ್ಟಿಯೂ ಹಲ್ಲು ನೋಯುತ್ತಿದ್ದರೆ ಅದೇ ಇಂಜೆಕ್ಷನ್ ಮರುಕಳಿಸುವುದರಿಂದ ಹೆಚ್ಚಿನ ಲಾಭವಿಲ್ಲ, ದಾರಿ ಬದಲಿಸಬೇಕು. ಸಾಮಾನ್ಯವಾಗಿ ಹಲ್ಲಿನ ಕೆನ್ನೆಯ ಬದಿಯ ವಸಡಿಗೆ ಆರ್ಟಿಕೇನ್ ಎಂಬ ಮದ್ದನ್ನು ಕೊಡುತ್ತಾರೆ. ಕೆಳದವಡೆಯ ದಪ್ಪ ಮೂಳೆಯ ಮೂಲಕವೂ ಒಂದಿಷ್ಟು ಇಳಿಯುವ ಸಾಮರ್ಥ್ಯ ಅದಕ್ಕೆ ಲಿಡೋಕೇನ್‌ಗಿಂತ ಹೆಚ್ಚು. ಆರ್ಟಿಕೇನ್ 1976ರಿಂದ ಜರ್ಮನಿಯಲ್ಲಿ, 2000ದಿಂದ ಅಮೆರಿಕದಲ್ಲಿ ಬಳಕೆಯಲ್ಲಿದೆ.

ಅದೂ ಸಾಲದಿದ್ದರೆ ಬೇರು ಮತ್ತು ಮೂಳೆಯ ನಡುವಿನ ಸಂದಿಗೆ ತೆಳುವಾದ ಸೂಜಿಯಿಂದ ಒತ್ತಿ ಕೊಡುವ ಇಂಜೆಕ್ಷನ್. ಮದ್ದು ತೀರಾ ಕಡಿಮೆ, ಪರಿಣಾಮ ಕ್ಷಣಗಳಲ್ಲೇ. ಒಂದೆರಡು ದಿನ ಹಲ್ಲು ಕಚ್ಚಿದರೆ ನೋಯಬಹುದು. ಅದರ ಮುಂದಿನದು ಮೂಳೆಯಲ್ಲೇ ಪುಟ್ಟ ರಂಧ್ರ ಮಾಡಿ ಬೇರಿನ ಪಕ್ಕಕ್ಕೆ ಮದ್ದು ಬಿಡುವುದು. ಕೇಳಲು ಭಯಾನಕ, ಆದರೆ ಹೊರಪದರ ಮೊದಲೇ ಮರಗಟ್ಟಿರುವುದರಿಂದ ಅಷ್ಟೇನೂ ನೋವಿಲ್ಲ. ಕೈಕೊಡುವ ಹಲ್ಲುಗಳಲ್ಲಿ ನಂಬಬಹುದಾದ ವಿಧಾನ ಇದು. ಎದೆಬಡಿತ ಸ್ವಲ್ಪ ಹೊತ್ತು ಹೆಚ್ಚಬಹುದು ಎಂದು ಮೊದಲೇ ಹೇಳಿರಬೇಕು.

ಹಲ್ಲಿನ ಒಳಗೇ ಸೂಜಿ ಹಾಕಿದರು, ಪ್ರಾಣ ಹೋದಂತಾಯಿತು. ಹಾಗೆ ಮಾಡುವುದು ಸರಿಯೇ?

ತಿರುಳಿನ ಒಳಗೇ ಕೊಡುವ ಇಂಜೆಕ್ಷನ್ ಮಾನ್ಯವಾದ ವಿಧಾನವೇ, ಆದರೆ ಕೊನೆಯದು. ತಿರುಳು ತೆರೆದುಕೊಂಡ ಸಣ್ಣ ಕಂಡಿಯಲ್ಲಿ ಸೂಜಿ ಬಿಗಿಯಾಗಿ ಕೂತು ಮದ್ದು ಒತ್ತಡದಿಂದ ಹೋಗಬೇಕು, ಆ ಒತ್ತಡವೇ ಅರ್ಧ ಕೆಲಸ ಮಾಡುತ್ತದೆ. ಕೆಲವು ಸೆಕೆಂಡು ತೀವ್ರ ನೋವು, ಆಮೇಲೆ ತಕ್ಷಣ ನಿರಾಳ. ಪರಿಣಾಮ ಉಳಿಯುವುದು ಹದಿನೈದು ಇಪ್ಪತ್ತು ನಿಮಿಷ, ಅಷ್ಟರೊಳಗೆ ತಿರುಳನ್ನು ತೆಗೆದಿರಬೇಕು. ಮೇಲೆ ಹೇಳಿದ ಮೆಟ್ಟಿಲುಗಳನ್ನು ಹತ್ತಿ ನೋಡಿ, ರೋಗಿಗೆ ‘ಈಗ ಒಂದು ಕ್ಷಣ ಜೋರಾಗಿ ನೋಯುತ್ತದೆ’ ಎಂದು ತಿಳಿಸಿ ಮಾಡಿದರೆ ತಪ್ಪಿಲ್ಲ. ಹೇಳದೆ ಕೇಳದೆ ಅದನ್ನೇ ಮೊದಲ ಪರಿಹಾರವಾಗಿ ಬಳಸುವುದು ಒರಟುತನ.

ಮೇಲಿನ ಹಲ್ಲಿಗೂ ಇಷ್ಟೇ ಕಷ್ಟವೇ?

ಇಲ್ಲ. ಮೇಲ್ದವಡೆಯ ಮೂಳೆ ತೆಳು, ರಂಧ್ರಮಯ. ಹಲ್ಲಿನ ಬೇರಿನ ಬಳಿ ವಸಡಿಗೆ ಕೊಟ್ಟ ಮದ್ದು ಸುಲಭವಾಗಿ ಒಳಗಿಳಿಯುತ್ತದೆ. ದವಡೆಹಲ್ಲಿನ ಒಳಬದಿಯ ಬೇರಿಗೆ ಅಂಗುಳಿನಲ್ಲಿ ಇನ್ನೊಂದು ಚುಚ್ಚು ಬೇಕಾಗಬಹುದು, ಅದು ಸ್ವಲ್ಪ ಖಾರವಾಗಿಯೇ ಇರುತ್ತದೆ.

ಇಂಜೆಕ್ಷನ್ನಿನ ನೋವೇ ಹೆದರಿಕೆ. ಅದನ್ನು ಕಡಿಮೆ ಮಾಡಲು ಆಗುತ್ತದೆಯೇ?

ಆಗುತ್ತದೆ, ಮುಖ್ಯವಾಗಿ ನಿಧಾನದಿಂದ. ಚುಚ್ಚುವುದಕ್ಕಿಂತ ಮದ್ದನ್ನು ರಭಸವಾಗಿ ತಳ್ಳುವುದು ಹೆಚ್ಚು ನೋಯಿಸುತ್ತದೆ. ಒಂದು ಮಿಲಿಲೀಟರ್‌ಗೆ ಒಂದು ನಿಮಿಷ ತೆಗೆದುಕೊಂಡರೆ ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಮೊದಲು ವಸಡನ್ನು ಒರಸಿ ಮೇಲ್ಪದರಕ್ಕೆ ಜೆಲ್ ಹಚ್ಚಿ ಒಂದೆರಡು ನಿಮಿಷ ಬಿಡಬೇಕು. ಜೆಲ್ ಪರಿಣಾಮ ಎರಡು ಮೂರು ಮಿಲಿಮೀಟರ್ ಆಳಕ್ಕಷ್ಟೇ, ಆದರೆ ಮೊದಲ ಚುಚ್ಚಿಗೆ ಅದು ಸಾಕು. ಮದ್ದು ಹೋಗುವಾಗ ಉರಿಯುವುದು ಅಡ್ರಿನಲಿನ್ ಬೆರೆಸಿದ ದ್ರಾವಣ ಸಾಕಷ್ಟು ಆಮ್ಲೀಯವಾಗಿರುವುದರಿಂದ. ಕೆಲವೆಡೆ ಅದಕ್ಕೆ ಸೋಡಿಯಂ ಬೈಕಾರ್ಬೊನೇಟ್ ಸೇರಿಸಿ ಉರಿ ಕಡಿಮೆ ಮಾಡುತ್ತಾರೆ.

ಸೂಜಿ ಹೋಗುವಾಗ ನಾಲಗೆಗೋ ತುಟಿಗೋ ಕರೆಂಟ್ ಹೊಡೆದಂತಾದರೆ ಗಾಬರಿ ಬೇಡ. ಸೂಜಿ ನರಕ್ಕೆ ಸವರಿಕೊಂಡು ಹೋಗಿರುತ್ತದೆ, ವೈದ್ಯರಿಗೆ ತಿಳಿಸಿದರೆ ಸೂಜಿಯನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ಮೊದಲು ಆಂಟಿಬಯೋಟಿಕ್ ತೆಗೆದುಕೊಂಡು ಸೋಂಕು ಇಳಿದ ಮೇಲೆ ಮಾಡಿಸಿದರೆ ಒಳ್ಳೆಯದಲ್ಲವೇ?

ಈ ನಂಬಿಕೆ ಎಷ್ಟು ಬೇರೂರಿದೆ ಎಂದರೆ, ಮಾತ್ರೆ ಬರೆದುಕೊಡದ ವೈದ್ಯರ ಮೇಲೆಯೇ ಜನರಿಗೆ ಅನುಮಾನ. ಆದರೆ ವಿಷಯ ಸರಳ. ಪಲ್ಪೈಟಿಸ್‌ನ ನೋವು ಉರಿಯೂತದ ನೋವು, ಅದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಪೆನಿಸಿಲಿನ್ ಪಡೆದವರನ್ನೂ ಔಷಧವಿಲ್ಲದ ಹುಸಿ ಮಾತ್ರೆ ಪಡೆದವರನ್ನೂ ಹೋಲಿಸಿದಾಗ ನೋವಿನಲ್ಲಿ ಗಮನಾರ್ಹ ವ್ಯತ್ಯಾಸ ಕಂಡಿಲ್ಲ. ತಿರುಳು ಸತ್ತಿದ್ದರಂತೂ ಅಲ್ಲಿ ರಕ್ತವೇ ಹರಿಯುವುದಿಲ್ಲ. ರಕ್ತ ಹೋಗದ ಜಾಗಕ್ಕೆ ಮಾತ್ರೆಯ ಮದ್ದು ತಲಪುವುದು ಹೇಗೆ? ಸೋಂಕಿನ ಮೂಲವನ್ನು ಕಾಲುವೆಯೊಳಗಿಂದಲೇ ತೊಳೆದು ತೆಗೆಯಬೇಕು.

ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲಿ ಹೊರತಂದ ಮಾರ್ಗಸೂಚಿಯೂ, ಹಲ್ಲಿಗೆ ನೇರ ಚಿಕಿತ್ಸೆ ಲಭ್ಯವಿರುವಾಗ ಆರೋಗ್ಯವಂತ ವಯಸ್ಕರಿಗೆ ಇಂಥ ಬಹುತೇಕ ಸಂದರ್ಭಗಳಲ್ಲಿ ಆಂಟಿಬಯೋಟಿಕ್ ಬೇಡ ಎನ್ನುತ್ತದೆ. ಜ್ವರ ಬಂದಿದ್ದರೆ, ಊತ ಹರಡುತ್ತಿದ್ದರೆ, ರೋಗನಿರೋಧಕ ಶಕ್ತಿ ಕುಂದಿದ್ದರೆ ಮಾತು ಬೇರೆ. ಅಲ್ಲಿಯೂ ಅದು ಚಿಕಿತ್ಸೆಯ ಜೊತೆಗೆ, ಚಿಕಿತ್ಸೆಯ ಬದಲಿಗೆ ಅಲ್ಲ. ಐದು ದಿನ ಮಾತ್ರೆ ನುಂಗಿ ನೋವು ಇಳಿದಾಗ ‘ವಾಸಿಯಾಯಿತು’ ಎಂದು ವೈದ್ಯರ ಕಡೆ ತಲೆಹಾಕದವರು ಕೆಲವು ತಿಂಗಳ ನಂತರ ಊದಿದ ಮುಖ ಹೊತ್ತು ಬರುವುದು ಎಲ್ಲ ಕ್ಲಿನಿಕ್‌ಗಳ ಮಾಮೂಲು ದೃಶ್ಯ.

ಮುಖ ಊದಿದೆ. ಊತ ಇರುವಲ್ಲೇ ಇಂಜೆಕ್ಷನ್ ಕೊಡುತ್ತಾರೆಯೇ?

ಕೀವಿರುವ ಊತಕ್ಕೆ ನೇರವಾಗಿ ಚುಚ್ಚುವುದನ್ನು ತಪ್ಪಿಸುತ್ತಾರೆ. ಅದು ವಿಪರೀತ ನೋಯುತ್ತದೆ, ಮದ್ದು ಅಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಸೋಂಕು ಆಳಕ್ಕೆ ಹೋಗುವ ಅಪಾಯವೂ ಇದೆ. ಊತದಿಂದ ದೂರದಲ್ಲಿ ನರದ ಬುಡವನ್ನೇ ತಡೆಯುವುದು ಕ್ರಮ. ಹಲ್ಲನ್ನು ತೆರೆದೊಡನೆ ಕೀವು ಹೊರಬಂದರೆ ಬಹಳ ಸಲ ಅಲ್ಲೇ ಅರ್ಧ ನೋವು ಇಳಿಯುತ್ತದೆ. ಬೇಕಿದ್ದರೆ ವಸಡಿನಲ್ಲಿ ಸಣ್ಣ ಗಾಯ ಮಾಡಿ ಕೀವನ್ನು ಹರಿಯಬಿಡುತ್ತಾರೆ.

ಚಿಕಿತ್ಸೆಗೆ ಬರುವ ಮುನ್ನ ನೋವಿನ ಮಾತ್ರೆ ತೆಗೆದುಕೊಳ್ಳಬಹುದೇ? ಲಕ್ಷಣಗಳು ಮುಚ್ಚಿಹೋಗುವುದಿಲ್ಲವೇ?

ಒಂದು ಗಂಟೆ ಮೊದಲು ತೆಗೆದುಕೊಂಡ 400ರಿಂದ 600 ಮಿಲಿಗ್ರಾಂ ಐಬುಪ್ರೊಫೆನ್ ಕೆಳದವಡೆಯ ಇಂಜೆಕ್ಷನ್ ಸಫಲವಾಗುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ನರವನ್ನು ಕೆರಳಿಸುವ ಪ್ರೋಸ್ಟಾಗ್ಲಾಂಡಿನ್ ಉತ್ಪತ್ತಿಯನ್ನು ಅದು ತಗ್ಗಿಸುತ್ತದೆ. ಯಾವ ಹಲ್ಲು ಎಂಬುದೇ ಇನ್ನೂ ಗೊತ್ತಾಗಿಲ್ಲದಿದ್ದರೆ ಮಾತ್ರೆಯಿಂದ ಪತ್ತೆ ಕಷ್ಟವಾಗಬಹುದು, ಆಗ ಮೊದಲು ಕೇಳಿ. ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ಪಿರಿನ್‌ನಿಂದ ಕೆರಳುವ ಆಸ್ತಮಾ ಇರುವವರು, ರಕ್ತ ತೆಳುವಾಗಿಸುವ ಮದ್ದು ತೆಗೆದುಕೊಳ್ಳುವವರು, ಗರ್ಭಿಣಿಯರು ಐಬುಪ್ರೊಫೆನ್ ಅನ್ನು ತಾವಾಗಿಯೇ ನುಂಗಬಾರದು.

ಮಾತ್ರೆಯನ್ನು ಪುಡಿಮಾಡಿ ಹಲ್ಲಿನ ಪಕ್ಕ ಇಟ್ಟುಕೊಳ್ಳುವವರಿಗೆ ಒಂದು ಮಾತು: ಅದರಿಂದ ವಸಡು ಸುಟ್ಟು ಬಿಳಿಚಿಕೊಳ್ಳುತ್ತದೆ, ಹಲ್ಲಿಗೆ ಏನೂ ಆಗುವುದಿಲ್ಲ.

ಇಂಜೆಕ್ಷನ್ ಕೊಟ್ಟೊಡನೆ ಎದೆ ಡವಗುಟ್ಟಿತು, ಕೈ ನಡುಗಿತು. ನನಗೆ ಅಲರ್ಜಿಯೇ?

ಹೆಚ್ಚಾಗಿ ಅದು ಅಡ್ರಿನಲಿನ್‌ನ ಪರಿಣಾಮ, ಇಲ್ಲವೇ ಹೆದರಿಕೆಯದು. ರಕ್ತನಾಳಗಳನ್ನು ಕುಗ್ಗಿಸಿ ಮದ್ದು ಅಲ್ಲೇ ನಿಲ್ಲುವಂತೆ ಮಾಡಲು ಅಡ್ರಿನಲಿನ್ ಅನ್ನು 80,000ಕ್ಕೆ ಅಥವಾ 1,00,000ಕ್ಕೆ ಒಂದು ಭಾಗದಷ್ಟು ಬೆರೆಸಿರುತ್ತಾರೆ. ಕೆಲವು ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಲಿಡೋಕೇನ್, ಆರ್ಟಿಕೇನ್ ಗುಂಪಿನ ಮದ್ದುಗಳಿಗೆ ನಿಜವಾದ ಅಲರ್ಜಿ ಅತಿ ವಿರಳ. ಮೈಮೇಲೆ ದದ್ದು, ತುಟಿ ಮತ್ತು ಕಣ್ಣಿನ ಸುತ್ತ ಊತ, ಉಬ್ಬಸ ಬಂದಿದ್ದರೆ ಮಾತ್ರ ಅಲರ್ಜಿಯ ಪರೀಕ್ಷೆ ಮಾಡಿಸಿ. ಹಾಗೇನೂ ಇಲ್ಲದೆ ‘ನನಗೆ ಇಂಜೆಕ್ಷನ್ ಅಲರ್ಜಿ’ ಎಂದು ಬರೆಸಿಕೊಂಡರೆ ಜೀವಮಾನವಿಡೀ ಒಳ್ಳೆಯ ಅರಿವಳಿಕೆಯಿಂದ ವಂಚಿತರಾಗುತ್ತೀರಿ.

ಬಿಪಿ, ಹೃದಯದ ತೊಂದರೆ, ಮಧುಮೇಹ ಇರುವವರು, ಗರ್ಭಿಣಿಯರು ಏನು ಮಾಡಬೇಕು?

ಎಲ್ಲ ಕಾಯಿಲೆಗಳನ್ನೂ ಮದ್ದುಗಳನ್ನೂ ಹೇಳಬೇಕು. ಹೃದಯದ ತೊಂದರೆ ಇರುವವರಿಗೆ ಅಡ್ರಿನಲಿನ್ ಪ್ರಮಾಣವನ್ನು ಮಿತಿಗೊಳಿಸುತ್ತಾರೆ, ಸಾಮಾನ್ಯವಾಗಿ 0.04 ಮಿಲಿಗ್ರಾಂ ಒಳಗೆ, ಅಥವಾ ಅಡ್ರಿನಲಿನ್ ಇಲ್ಲದ ಮೆಪಿವಕೇನ್ ಎಂಬ ಅರಿವಳಿಕೆ ಮದ್ದನ್ನು ಆರಿಸಿಕೊಳ್ಳುತ್ತಾರೆ. ಪೂರ್ತಿ ಬಿಟ್ಟುಬಿಡುವುದೇ ಸುರಕ್ಷಿತ ಎಂದೇನಿಲ್ಲ, ಅರೆಬರೆ ಅರಿವಳಿಕೆಯಲ್ಲಿ ನೋವಾದಾಗ ದೇಹ ತಾನೇ ಸ್ರವಿಸುವ ಅಡ್ರಿನಲಿನ್ ಸೂಜಿಯಲ್ಲಿದ್ದುದಕ್ಕಿಂತ ಹೆಚ್ಚಾಗಬಹುದು. ಬಿಪಿ, ಹೃದಯದ ತೊಂದರೆಗೆ ಕೊಡುವ ಪ್ರೊಪ್ರನೊಲಾಲ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಹೆಸರು ಹಿಡಿದೇ ತಿಳಿಸಿ. ಮಧುಮೇಹಿಗಳು ಊಟ ಬಿಟ್ಟು, ಮಾತ್ರೆ ಮಾತ್ರ ನುಂಗಿ ಬರಬಾರದು. ಗರ್ಭಿಣಿಯರಿಗೆ ಲಿಡೋಕೇನ್ ಬಳಸಬಹುದು. ನಾಲ್ಕರಿಂದ ಆರನೆಯ ತಿಂಗಳು ಅನುಕೂಲದ ಕಾಲ, ಆದರೆ ತೀವ್ರ ಸೋಂಕು ಆ ಲೆಕ್ಕಕ್ಕೆ ಕಾಯುವುದಿಲ್ಲ.

ಎಷ್ಟು ಸಲ ಇಂಜೆಕ್ಷನ್ ಕೊಡಬಹುದು? ಮಿತಿ ಇದೆಯೇ?

ಇದೆ, ತೂಕದ ಮೇಲೆ. ಅಡ್ರಿನಲಿನ್ ಬೆರೆಸಿದ ಲಿಡೋಕೇನ್‌ಗೆ ಕಿಲೋಗೆ 7 ಮಿಲಿಗ್ರಾಂ ಗರಿಷ್ಠ ಮಿತಿ, ಒಟ್ಟು 500 ಮಿಲಿಗ್ರಾಂ ಮೀರಬಾರದು. ಅನೇಕರು ಇನ್ನೂ ಕೆಳಗಿನ ಮಿತಿಯನ್ನೇ ಪಾಲಿಸುತ್ತಾರೆ. ಶೇ 2ರ ದ್ರಾವಣದ 1.8 ಮಿಲಿಲೀಟರ್ ಕಾರ್ಟ್ರಿಜ್‌ನಲ್ಲಿ, ಅಂದರೆ ಸಿರಿಂಜಿಗೆ ಹಾಕುವ ಮದ್ದಿನ ಪುಟ್ಟ ಕೊಳವೆಯಲ್ಲಿ, ಇರುವುದು 36 ಮಿಲಿಗ್ರಾಂ. ಅಂದರೆ ವಯಸ್ಕರಿಗೆ ಮೂರನೆಯ, ನಾಲ್ಕನೆಯ ಇಂಜೆಕ್ಷನ್ ಎಂದಾಕ್ಷಣ ಗಾಬರಿಯಾಗಬೇಕಿಲ್ಲ. ಮಕ್ಕಳಲ್ಲಿ ಲೆಕ್ಕ ಬಿಗಿ. ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಡುವಿಕೆ, ಸ್ನಾಯು ಅದುರುವಿಕೆ ಶುರುವಾದರೆ ತಕ್ಷಣ ತಿಳಿಸಿ.

ಪೂರ್ತಿ ನಿದ್ದೆ ಬರಿಸಿ ಮಾಡಬಾರದೇ?

ವಿಪರೀತ ಭಯವಿರುವವರಿಗೆ, ಸಹಕರಿಸಲಾಗದ ಮಕ್ಕಳಿಗೆ, ವಿಶೇಷ ಚೇತನರಿಗೆ ಅದೂ ಒಂದು ಆಯ್ಕೆ. ಸಾಮಾನ್ಯವಾಗಿ ಮಂಪರು ಬರಿಸುವಷ್ಟೇ ಸಾಕು: ನೈಟ್ರಸ್ ಆಕ್ಸೈಡ್ ಅನಿಲ, ಮಿಡಜೊಲಾಮ್‌ನಂಥ ಮದ್ದು. ಇವು ಭಯ ಕಳೆಯುತ್ತವೆ, ಹಲ್ಲನ್ನು ಮರಗಟ್ಟಿಸುವುದಿಲ್ಲ. ಮಂಪರಿನಲ್ಲಿದ್ದರೂ ಸ್ಥಳೀಯ ಇಂಜೆಕ್ಷನ್ ಬೇಕೇ ಬೇಕು.

ಮಧ್ಯದಲ್ಲಿ ನೋವಾದರೆ ಬಾಯಿ ತೆರೆದಿಟ್ಟುಕೊಂಡು ಹೇಗೆ ಹೇಳಲಿ? ಹೇಳಿದರೂ ‘ಸ್ವಲ್ಪ ಸಹಿಸಿಕೊಳ್ಳಿ’ ಎಂದರೆ?

ಶುರುವಾಗುವ ಮೊದಲೇ ಎಡಗೈ ಎತ್ತಿದರೆ ನಿಲ್ಲಿಸಬೇಕು ಎಂದು ಮಾತಾಡಿಕೊಳ್ಳಿ. ತಲೆ ಆಡಿಸಬೇಡಿ, ಬಾಯಲ್ಲಿ ಹರಿತವಾದ ಉಪಕರಣವಿರುತ್ತದೆ.

ಸಹಿಸಿಕೊಳ್ಳಿ ಎಂಬುದು ಚಿಕಿತ್ಸೆಯ ವಿಧಾನವಲ್ಲ. ‘ಇನ್ನೊಂದು ಇಂಜೆಕ್ಷನ್ ಕೊಡಿ, ಅಥವಾ ಬೇರೆ ಬಗೆಯಲ್ಲಿ ಮರಗಟ್ಟಿಸಿ’ ಎಂದು ಕೇಳುವುದು ನಿಮ್ಮ ಹಕ್ಕು. ಅಂದು ಏನು ಮಾಡಿದರೂ ಹಿಡಿಯದಿದ್ದರೆ ಮೇಲ್ಭಾಗದ ತಿರುಳನ್ನು ಮಾತ್ರ ತೆಗೆದು, ಒಳಗೆ ಮದ್ದಿಟ್ಟು ತಾತ್ಕಾಲಿಕವಾಗಿ ಮುಚ್ಚಿ ಕಳಿಸಬಹುದು. ಅಷ್ಟರಿಂದಲೇ ಹೆಚ್ಚಿನವರಿಗೆ ನೋವು ಬಹಳ ಮಟ್ಟಿಗೆ ಇಳಿಯುತ್ತದೆ, ಮುಂದಿನ ಭೇಟಿಯಲ್ಲಿ ಹಲ್ಲು ಹೆಚ್ಚು ಮಾತು ಕೇಳುತ್ತದೆ. ರೂಟ್ ಕೆನಾಲ್ ತಜ್ಞರಾದ ಎಂಡೋಡಾಂಟಿಸ್ಟ್ ಬಳಿ ಕಳಿಸಿ ಎಂದು ಕೇಳುವುದೂ ಅವಮಾನವೇನಲ್ಲ, ನಿಮಗೂ ಅಲ್ಲ, ವೈದ್ಯರಿಗೂ ಅಲ್ಲ.

ಜೋಮು ಎಷ್ಟು ಹೊತ್ತು ಇರುತ್ತದೆ?

ಕೆಳದವಡೆಯ ಇಂಜೆಕ್ಷನ್ ಆದರೆ ತುಟಿ, ನಾಲಗೆ ಮೂರರಿಂದ ಐದು ಗಂಟೆ. ಅಲ್ಲಿಯವರೆಗೆ ಬಿಸಿ ಪದಾರ್ಥ, ಅಗಿಯುವುದು ಬೇಡ. ಮಕ್ಕಳು ತುಟಿ ಕಚ್ಚಿಕೊಳ್ಳದಂತೆ ಕಣ್ಣಿಟ್ಟಿರಿ. ಮರುದಿನವೂ ಜೋಮು ಉಳಿದಿದ್ದರೆ ತಿಳಿಸಿ. ನರಕ್ಕೆ ಪೆಟ್ಟಾಗಿರುವುದು ಅಪರೂಪ, ಆದರೂ ಬಹುಪಾಲು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ತಾನೇ ಸರಿಹೋಗುತ್ತದೆ.

ಮನೆಗೆ ಹೋದ ಮೇಲೆ ನೋವು ಎಷ್ಟು ದಿನ ಇರುತ್ತದೆ?

ಎರಡು ಮೂರು ದಿನ ಕಚ್ಚಿದರೆ ನೋವು, ಮಂದ ಸೆಳೆತ ಸಾಮಾನ್ಯ. ಮೊದಲೇ ಜೋರು ನೋವಿದ್ದವರಿಗೆ ಕೊಂಚ ಹೆಚ್ಚು. ಮೊದಲ ಮಾತ್ರೆಯನ್ನು ಜೋಮು ಇಳಿಯುವ ಮುನ್ನವೇ ತೆಗೆದುಕೊಂಡರೆ ನೋವಿನ ಹಿಂದೆ ಓಡುವುದು ತಪ್ಪುತ್ತದೆ. ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಜೊತೆಯಾಗಿ, ಎರಡೂ ನಿಮಗೆ ಹೊಂದುವುದಾದರೆ, ಒಂದೊಂದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು, ನೆಗಡಿಯ ಮಾತ್ರೆಯಲ್ಲಿರುವುದೂ ಲೆಕ್ಕಕ್ಕೆ ಸೇರುತ್ತದೆ. ತುಂಬಿದ ಹಲ್ಲು ಎತ್ತರವಾಗಿ ಎದುರಿನ ಹಲ್ಲಿಗೆ ಮೊದಲು ತಾಗುತ್ತಿದ್ದರೆ ಕಾಯಬೇಡಿ, ಎರಡು ನಿಮಿಷ ಉಜ್ಜಿದರೆ ಸರಿಯಾಗುತ್ತದೆ.

ಕೆಲವರಿಗೆ ಮಾತ್ರ ಭೇಟಿಗಳ ನಡುವೆ ನೋವು, ಊತ ದಿಢೀರನೆ ಭುಗಿಲೇಳುತ್ತದೆ. ಕಾಲುವೆಯ ಕಸ, ಬ್ಯಾಕ್ಟೀರಿಯಾ ಬೇರಿನ ತುದಿಯಾಚೆ ಹೋಗಿ ದೇಹ ಪ್ರತಿಭಟಿಸುವುದೇ ಇದಕ್ಕೆ ಮುಖ್ಯ ಕಾರಣ. ಹಲ್ಲನ್ನು ತೆರೆದು ಮತ್ತೆ ತೊಳೆಯಬೇಕಾಗಬಹುದು. ಇದರಿಂದ ಚಿಕಿತ್ಸೆ ಕೆಟ್ಟಿತು ಎಂದರ್ಥವಲ್ಲ.

ಯಾವಾಗ ಕಾಯದೆ ಆಸ್ಪತ್ರೆಗೆ ಓಡಬೇಕು?

ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ನಾಲಗೆ ಮೇಲಕ್ಕೆ ಎತ್ತಿದಂತಾದರೆ, ಗದ್ದದ ಕೆಳಗೆ ಎರಡೂ ಬದಿ ಗಟ್ಟಿ ಊತ ಬಂದರೆ, ಕಣ್ಣು ಮುಚ್ಚುವಷ್ಟು ಮುಖ ಊದಿದರೆ, ಜ್ವರದೊಂದಿಗೆ ಬಾಯಿ ತೆರೆಯಲಾಗದಿದ್ದರೆ ರಾತ್ರಿಯಾದರೂ ಸರಿ, ನೇರ ತುರ್ತು ವಿಭಾಗಕ್ಕೆ ಹೋಗಿ. ಸೋಂಕು ಕತ್ತಿನ ಆಳಕ್ಕೆ ಇಳಿದರೆ ಉಸಿರಿನ ದಾರಿಯೇ ಮುಚ್ಚಬಹುದು.

ಚಿಕಿತ್ಸೆ ಮುಗಿದು ತಿಂಗಳುಗಳಾದರೂ ಹಲ್ಲು ನೋಯುತ್ತಿದೆ. ನರ ತೆಗೆದ ಮೇಲೂ ಹೇಗೆ?

ಸಿಗದೆ ಉಳಿದ ಕಾಲುವೆ ಒಂದು ಕಾರಣ, ಮೇಲಿನ ಮೊದಲ ದವಡೆಹಲ್ಲಿನಲ್ಲಿ ನಾಲ್ಕನೆಯ ಕಾಲುವೆ ಅಡಗಿರುವುದು ಸಾಮಾನ್ಯ. ಬೇರಿನಲ್ಲಿ ಬಿರುಕು, ತುದಿಯಲ್ಲಿ ಉಳಿದ ಸೋಂಕು, ಪಕ್ಕದ ಹಲ್ಲಿನ ನೋವು ಇವೂ ಇರಬಹುದು. ಕೆಲವೊಮ್ಮೆ ನೋವು ಹಲ್ಲಿನದೇ ಆಗಿರುವುದಿಲ್ಲ: ದವಡೆಯ ಸ್ನಾಯು, ಸೈನಸ್, ಮುಖದ ಸಂವೇದನೆಯನ್ನು ಹೊತ್ತೊಯ್ಯುವ ಟ್ರೈಜೆಮಿನಲ್ ನರದ ತೊಂದರೆ. ಇಲ್ಲಿಯೂ ಅರಿವಳಿಕೆ ನೆರವಿಗೆ ಬರುತ್ತದೆ. ಹಲ್ಲನ್ನು ಪೂರ್ತಿ ಮರಗಟ್ಟಿಸಿದರೂ ನೋವು ಹಾಗೆಯೇ ಇದ್ದರೆ ಮೂಲ ಬೇರೆಡೆ ಇರುವ ಸಾಧ್ಯತೆ ಹೆಚ್ಚು. ಅಂಥ ಹಲ್ಲನ್ನು ಮತ್ತೆ ತೆರೆಯುವ ಅಥವಾ ಕೀಳುವ ಮೊದಲು ಎರಡನೆಯ ಅಭಿಪ್ರಾಯ ಪಡೆಯಿರಿ.